ಭಾರ ಎತ್ತುವುದನ್ನೂ ಕಲಿಯಬೇಕು

ಡೆಡ್‌ಲಿಫ್ಟ್ ಮಾಡಿದರೆ ಸೊಂಟ ಹಾಳಾಗುತ್ತದೆ ಎಂದು ಮಕ್ಕಳನ್ನು ತಡೆಯುವ ಹಿರಿಯರಿದ್ದಾರೆ. ಆದರೆ ಅದೇ ಮನೆಯಲ್ಲಿ ಸುಮಾರು 30 ಕಿಲೋ ತೂಗುವ ತುಂಬಿದ ಗ್ಯಾಸ್ ಸಿಲಿಂಡರನ್ನು ಬೆನ್ನು ಬಾಗಿಸಿ ಎತ್ತುವ ಗೃಹಿಣಿಯನ್ನು ಯಾರೂ ತಡೆಯುವುದಿಲ್ಲ! ನೆಲದ ಮೇಲಿನ ಭಾರವನ್ನು ಎತ್ತಿ ನಿಲ್ಲುವುದೇ ಡೆಡ್‌ಲಿಫ್ಟ್. ಅದನ್ನು ಬಿಡುವುದಕ್ಕಿಂತ ಸರಿಯಾಗಿ ಕಲಿಯುವುದೇ ಲೇಸು.

ಬಾರ್ ಪಾದದ ನಡುಭಾಗದ ಮೇಲಿರಲಿ. ಸೊಂಟವನ್ನು ಹಿಂದಕ್ಕೆ ತಳ್ಳಿ, ಮೊಣಕಾಲು ಮಡಚಿ ಬಾರ್ ಹಿಡಿಯಿರಿ. ಬೆನ್ನು ನೇರವಾಗಿರಲಿ. ಉಸಿರು ತುಂಬಿಕೊಂಡು, ಹೊಟ್ಟೆ ಬಿಗಿಹಿಡಿದು, ಕಾಲಿನಿಂದ ನೆಲವನ್ನು ಒತ್ತುತ್ತಾ ಎದ್ದು ನಿಲ್ಲಿ. ಬಾರ್ ಕಾಲಿಗೆ ಹತ್ತಿರವಾಗಿಯೇ ಮೇಲೇರಲಿ. ನಿಂತ ಮೇಲೆ ಹಿಂದಕ್ಕೆ ವಾಲಬೇಡಿ. ಇಳಿಸುವಾಗಲೂ ಇದೇ ಕ್ರಮ.

ಅಪಾಯವಿರುವುದು ಅವಸರದಲ್ಲಿ. ಜಿಮ್‌ಗಳಲ್ಲಿರುವ ದೊಡ್ಡ ಬಾರ್ ಒಂದೇ 20 ಕಿಲೋ ತೂಗುತ್ತದೆ. ಹೊಸಬರಿಗೆ ಅಷ್ಟೇ ಸಾಕು. ಕೆಲವರಿಗೆ ಅದೂ ಹೆಚ್ಚು. ಪ್ಲೇಟ್ ಇಲ್ಲದ ಬಾರನ್ನು ನೆಲದಿಂದ ಸುಮಾರು 22 ಸೆಂ.ಮೀ. ಎತ್ತರದಲ್ಲಿಟ್ಟು ಅಭ್ಯಾಸ ಮಾಡಬೇಕು. ಬೆನ್ನು ಬಾಗತೊಡಗಿದರೆ ಭಾರ ಇಳಿಸಬೇಕು. ಮೊದಲ ವಾರವೇ ಪ್ಲೇಟ್ ಮೇಲೆ ಪ್ಲೇಟ್ ಸೇರಿಸಿ ಹುರಿದುಂಬಿಸುವ ತರಬೇತುದಾರನಿಗಿಂತ, 'ಇವತ್ತಿಗೆ ಇಷ್ಟು ಸಾಕು' ಎನ್ನುವವನೇ ನಿಮ್ಮ ಹಿತೈಷಿ.

ಅಧಿಕ ರಕ್ತದೊತ್ತಡ, ಹರ್ನಿಯಾ, ಡಿಸ್ಕ್ ತೊಂದರೆ ಇರುವವರು ಮತ್ತು ಗರ್ಭಿಣಿಯರು ಮೊದಲು ವೈದ್ಯರನ್ನು ಕೇಳಲಿ. ನೋವು ಸೊಂಟದಿಂದ ಕಾಲಿಗೆ ಇಳಿದರೆ ತಕ್ಷಣ ನಿಲ್ಲಿಸಿ.

ಈ ಪಾಠ ಹುಡುಗರಿಗೆ ಮಾತ್ರ ಮೀಸಲಾಗಬಾರದು. ಮನೆಯ ಭಾರವನ್ನು ದಿನವೂ ಎತ್ತುವ ಹೆಣ್ಣುಮಕ್ಕಳಿಗೆ ಇದು ಇನ್ನೂ ಹೆಚ್ಚು ಅಗತ್ಯ.