ಮನೆವಾರ್ತೆ: ಹಳೆಯ ತೊಟ್ಟಿಯ ಕಿಂಡಿ

ಸ್ನಾನದ ತೊಟ್ಟಿಯೆಂಬ ವಸ್ತುವು ನಮ್ಮ ವಾಚಕರಲ್ಲಿ ಬಹುಮಂದಿಯ ಮನೆಗಳಲ್ಲಿ ಇರಲಾರದು. ನಮ್ಮ ಮನೆಯಲ್ಲಿರುವುದಾದರೂ ನಾವು ಬಯಸಿ ತಂದದ್ದಲ್ಲ. ಬಂಗಾರಪೇಟೆಯಿಂದ ಕೋಲಾರದ ಚಿನ್ನದ ಗಣಿಗಳಿಗೆ 1894ರಲ್ಲಿ ರೈಲುಹಾದಿಯಾಯಿತು. ಗಣಿಗಳ ಆಡಳಿತವು ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಕಂಪೆನಿಯವರ ಕೈಯಲ್ಲಿದ್ದ ಕಾಲವದು. ಯಂತ್ರಗಳು ಬಂದಂತೆಯೇ ಬಿಳಿಯ ಅಧಿಕಾರಿಗಳ ಬಂಗಲೆಗಳಿಗೆ ಬೇಕಾದ ಸಾಮಾನುಗಳೂ ಬಂದವು. ಆ ಪೈಕಿ ಒಂದು ಬಂಗಲೆಯಿಂದ ಎಷ್ಟೋ ಕಾಲದ ಮೇಲೆ ಕಿತ್ತು ಹೊರಗಿಟ್ಟಿದ್ದ ಬೀಡುಕಬ್ಬಿಣದ ತೊಟ್ಟಿಯನ್ನು, ಗಣಿಯ ಕಾರ್ಖಾನೆಯಲ್ಲಿ ಫಿಟ್ಟರಾಗಿದ್ದ ನಮ್ಮ ಮಾವನವರು ಬೆಲೆಕೊಟ್ಟು ಕೊಂಡು ಬಂಗಾರಪೇಟೆಯ ಮನೆಗೆ ಸಾಗಿಸಿಕೊಂಡು ಬಂದರಂತೆ. ಈಗ ಮಾವನವರಿಲ್ಲ, ಮನೆಯೂ ತೊಟ್ಟಿಯೂ ನಮ್ಮ ಪಾಲಿಗೆ ಬಂದಿವೆ. ಅದರಲ್ಲಿ ಮಲಗಿ ಮಿಂದವರು ನಮ್ಮಲ್ಲಿ ಒಬ್ಬರೂ ಇಲ್ಲ. ಜೀವನದಿಯಿಲ್ಲದ ಈ ಸೀಮೆಯಲ್ಲಿ ಅದು ನೀರು ಹಿಡಿದಿಡುವ ಪಾತ್ರೆಯಾಯಿತು.

ಕಳೆದ ಬೇಸಗೆಯಲ್ಲೊಂದು ಸಂಜೆ ಟ್ಯಾಂಕರಿನಿಂದ ತುಂಬಿಸಿದ್ದ ನೀರು ಬೆಳಗಾಗುವುದರೊಳಗೆ ಅರ್ಧಕ್ಕಿಂತ ಕೆಳಗಿಳಿದಿತ್ತು. ತೊಟ್ಟಿಯ ತಳದಲ್ಲಿರುವ ಹಿತ್ತಾಳೆಯ ಕಿಂಡಿ, ಅಂಗಡಿಯವರು ವೇಸ್ಟ್ ಕಪ್ಲಿಂಗ್ ಎನ್ನುವುದು, ಸೋರುತ್ತಿತ್ತು. ನಾವು ಕರೆಸಿದ ಪ್ಲಂಬರು ಒಂದು ಕ್ಷಣ ಬಗ್ಗಿ ನೋಡಿ, "ಈ ಸೈಜು ಎಲ್ಲೂ ಸಿಕ್ಕುವುದಿಲ್ಲ ಸಾರ್, ಸಿಮೆಂಟು ಮೆತ್ತಿ ಮುಚ್ಚಿಬಿಡೋಣ; ಇಲ್ಲವೇ ಒಡೆದು ಗುಜರಿಗೆ ಹಾಕಿ" ಎಂದನು. ಎರಡನೆಯ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನೆಯವರು ಏನೂ ಹೇಳದೆ ಒಳಗೆ ಹೋದರು.

ಮೊದಲನೆಯ ಮಾತಾದರೂ ಒಪ್ಪತಕ್ಕದ್ದಾಗಿರಲಿಲ್ಲ. ಹಿಂದಿನ ವರ್ಷ ನಮ್ಮ ಮೊಮ್ಮಗಳಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಯಲ್ಲಿ ಎಂಟು ದಿನ ಕಳೆದದ್ದನ್ನು ಮರೆಯುವುದು ಸಾಧ್ಯವೇ? ಆ ಸೊಳ್ಳೆಯು ಚರಂಡಿಯನ್ನಲ್ಲ, ಮನೆಯಲ್ಲಿ ಹಿಡಿದಿಟ್ಟ ತಿಳಿನೀರನ್ನೇ ಅರಸಿ ಬರುತ್ತದೆ. ನೀರಿನ ಅಂಚಿನಲ್ಲಿ ಪಾತ್ರೆಯ ಗೋಡೆಗೆ ಮೊಟ್ಟೆಯಿಡುತ್ತದೆ. ಆ ಮೊಟ್ಟೆಗಳು ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತವೆ. ಆದಕಾರಣ ವಾರಕ್ಕೊಮ್ಮೆ ತೊಟ್ಟಿಯನ್ನು ಪೂರ್ತಿ ಬರಿದುಮಾಡಿ, ಗೋಡೆಗಳನ್ನು ತಿಕ್ಕಿ ತೊಳೆಯಲೇಬೇಕು. ಕಿಂಡಿಯನ್ನು ಮುಚ್ಚಿದರೆ ತಳದ ನೀರನ್ನು ಹೊರಚೆಲ್ಲುವುದೆಂತು?

ಕಿಂಡಿಯನ್ನು ಬಿಚ್ಚುವ ಕೆಲಸವನ್ನು ನಾವೇ ಕೈಗೊಂಡೆವು. ಇದರಲ್ಲಿ ಅವಸರ ಕೂಡದು. ತಳಭಾಗದ ನಟ್ಟಿಗೆ ಎಣ್ಣೆ ಬಿಟ್ಟು ಎರಡು ರಾತ್ರಿ ಬಿಟ್ಟೆವು. ಬಳಿಕ, ಮೇಲುಗಡೆ ಕಿಂಡಿಯ ಅಡ್ಡಪಟ್ಟಿಗಳ ನಡುವೆ ಕಬ್ಬಿಣದ ಸರಳನ್ನು ತೂರಿಸಿ ಮನೆಯವರು ಅಲುಗದಂತೆ ಹಿಡಿದುಕೊಂಡರು. ಕೆಳಗೆ ಮಲಗಿ ನಾವು ಸ್ಪ್ಯಾನರಿನಿಂದ ನಟ್ಟನ್ನು ತಿರುಗಿಸಿದೆವು. ಸುತ್ತಿಗೆಯನ್ನು ಮಾತ್ರ ಹತ್ತಿರ ಸೇರಿಸಬಾರದು. ಬೀಡಿನ ಮೇಲಿನ ಎನಾಮಲ್ಲು ಗಾಜಿನ ಜಾತಿಯದು. ಒಂದು ಚಕ್ಕೆ ಎದ್ದರೂ ಅಲ್ಲಿಂದ ತುಕ್ಕು ಹಿಡಿಯಲು ಆರಂಭವಾಗುತ್ತದೆ. ಹೊರಬಂದ ಹಿತ್ತಾಳೆಯು ಹಳದಿಯಾಗಿರದೆ ಅಲ್ಲಲ್ಲಿ ನಸುಗೆಂಪಾಗಿತ್ತು. ಬಹುಕಾಲ ನೀರಿನಲ್ಲಿದ್ದ ಹಿತ್ತಾಳೆಯಿಂದ ಸತುವು ಕರಗಿಹೋಗಿ, ಸ್ಪಂಜಿನಂಥ ತಾಮ್ರ ಮಾತ್ರ ಉಳಿದಿರುವ ಲಕ್ಷಣವದು. ಅಂಥದನ್ನು ಹುಣಿಸೆಹಣ್ಣು ಹಚ್ಚಿ ಬೆಳಗಿದರೆ ಪ್ರಯೋಜನವಿಲ್ಲ. ಉಗುರಿನಿಂದ ಒತ್ತಿದಲ್ಲಿ ನಮಗೊಂದು ಬಿರುಕು ಕಾಣಿಸಿತು.

ತಿರುಪಿರುವ ಭಾಗವನ್ನು ಟೇಪಿನಿಂದ ಅಳೆದೆವು. ಎರಡೂಕಾಲು ಇಂಚಿಗೆ ಹೆಚ್ಚು, ಎರಡೂವರೆಗೆ ಕಡಮೆ. ಅಂಗಡಿಯಲ್ಲಿ ಈ ಅಳತೆಯನ್ನು ಹೇಳಿ ನಗೆಗೀಡಾದೆವು. ಕೊಳಾಯಿಯ ಲೋಕದಲ್ಲಿ ಇಂಚೆಂಬುದು ರೂಢಿಶಬ್ದವೇ ಹೊರತು ಯೌಗಿಕವಲ್ಲವೆಂದು ಆ ಮೇಲೆ ತಿಳಿಯಿತು. ಕುಶಲನೆಂದರೆ ದರ್ಭೆಯನ್ನು ಕೊಯ್ದು ತರುವವನೆಂಬುದು ಯೋಗಾರ್ಥ; ಆದರೆ ಕುಶಲನಾದ ಕಮ್ಮಾರನನ್ನು ಕಂಡು ನಿನ್ನ ದರ್ಭೆಯೆಲ್ಲಿ ಎಂದು ಯಾರೂ ಕೇಳುವುದಿಲ್ಲವಷ್ಟೆ. ಹಾಗೆಯೇ 'ಎರಡಿಂಚು' ಎಂಬುದು ಹಿಂದಿನ ದಪ್ಪಗೋಡೆಯ ಕಬ್ಬಿಣದ ಕೊಳವೆಯ ಒಳಬಾಯಿಯಿಂದ ಬಂದ ಹೆಸರು. ಅದರ ಹೊರತಿರುಪನ್ನು ಅಳೆದರೆ ಹತ್ತಿರ ಹತ್ತಿರ 60 ಮಿಲಿಮೀಟರು ಬರುತ್ತದೆ. ಒಂದೂವರೆ ಇಂಚಿನದು ಸುಮಾರು 48, ಒಂದೂಕಾಲಿನದು ಸುಮಾರು 42. ಇಂದು ಅಂಗಡಿಗಳಲ್ಲಿ ಸಾಮಾನ್ಯವಾಗಿ ಸಿಕ್ಕುವವು ಈ ಕಡೆಯ ಎರಡೇ. ಅವುಗಳನ್ನೇ 40 ಮತ್ತು 32 ಎಂದು ಕರೆಯುತ್ತಾರೆ. ನಮ್ಮದು ಎರಡಿಂಚಿನದಾದ್ದರಿಂದ ಪ್ಲಂಬರಿನ ಮಾತು ಅರ್ಧ ಸತ್ಯವಾಗಿತ್ತು.

ಉಳಿದರ್ಧಕ್ಕಾಗಿ ರಾಬರ್ಟ್‌ಸನ್‌ಪೇಟೆಗೆ ಹೋದೆವು. 2001ರಲ್ಲಿ ಗಣಿ ಮುಚ್ಚುವವರೆಗೆ ಅಲ್ಲಿಯ ಕಾರ್ಖಾನೆಯಲ್ಲಿದ್ದು, ಅನಂತರ ಸ್ವಂತ ಲೇತು ಇಟ್ಟುಕೊಂಡಿರುವ ವೃದ್ಧರೊಬ್ಬರು ಅಲ್ಲಿದ್ದಾರೆ. ಹಳೆಯ ತುಂಡನ್ನು ಕೈಗೆ ತೆಗೆದುಕೊಂಡು, ಒಂದಿಂಚಿನ ಉದ್ದದಲ್ಲಿ ತಿರುಪಿನ ಸುತ್ತುಗಳನ್ನು ಎಣಿಸಿದರು. ಹನ್ನೊಂದು. "ಇಂಗ್ಲಿಷ್ ಮಾಲು, ವಾದ್ಯಾರೇ. ಅಮೆರಿಕದ್ದಾದರೆ ಹನ್ನೊಂದೂವರೆ; ಎರಡು ಸುತ್ತು ಹತ್ತಿ ನಿಂತುಬಿಡುತ್ತದೆ" ಎಂದರು. ಜೋಸೆಫ್ ವಿಟ್‌ವರ್ತ್ ಎಂಬ ಯಂತ್ರಶಿಲ್ಪಿಯು ತಿರುಪುಗಳಿಗೆಲ್ಲ ಒಂದೇ ಕ್ರಮವಿರಲೆಂದು 1841ರಲ್ಲಿ ಸೂಚಿಸುವವರೆಗೆ, ಇಂಗ್ಲೆಂಡಿನಲ್ಲಿಯೂ ಒಂದು ಕಾರ್ಖಾನೆಯ ನಟ್ಟು ಮತ್ತೊಂದರ ಬೋಲ್ಟಿಗೆ ಹೊಂದುತ್ತಿರಲಿಲ್ಲ. ಆ ಕ್ರಮದ ಸಂತತಿಯೇ ಈ ಹನ್ನೊಂದು.

ಹಳೆಯದರಂತೆಯೇ ಹೊಸದೊಂದನ್ನು ಕಡೆದುಕೊಡಿರೆಂದು ಕೇಳಿದೆವು. ಅವರು ತಲೆಯಾಡಿಸಿದರು. "ಕಡೆದುಕೊಡಬಹುದು. ನಾಳೆ ಅದು ಸವೆದಾಗ ನಾನಿರುತ್ತೇನೆಯೇ? ತೊಟ್ಟಿಯ ತೂತಿಗೆ ತಿರುಪಿಲ್ಲ, ನೋಡಿದಿರಾ? ಅದು ಬರಿಯ ತೂತು." ಈ ಮಾತು ನಮಗೆ ಹೊಳೆದಿರಲಿಲ್ಲ. ತಿರುಪು ಹೊಂದಬೇಕಾದದ್ದು ಕೆಳಗಿನ ನಟ್ಟಿಗೆ ಮತ್ತು ಕೊಳವೆಗೆ, ತೊಟ್ಟಿಗಲ್ಲ. ಆದ್ದರಿಂದ ಅಂಗಡಿಯ ಒಂದೂವರೆ ಇಂಚಿನ ಕಪ್ಲಿಂಗನ್ನೇ ಕೊಂಡು, ದೊಡ್ಡ ತೂತಿನಲ್ಲಿ ಅದು ನಡುಮಧ್ಯೆ ನಿಲ್ಲುವಂತೆ ಹಿತ್ತಾಳೆಯ ಬಳೆಯೊಂದನ್ನು ಕಡೆಯುವುದೆಂದು ನಿಶ್ಚಯವಾಯಿತು. ಬಳೆಯ ಅಂಚು ಹಳೆಯ ಕಿಂಡಿಯ ಅಂಚಿನಷ್ಟೇ ಅಗಲವಿರಬೇಕು. ಹೆಚ್ಚಾದರೆ ತೊಟ್ಟಿಯ ತಗ್ಗಿನಲ್ಲಿ ಕೂರದೆ ಸುತ್ತಲೂ ನೀರು ನಿಲ್ಲುತ್ತದೆ. ಕೆಳಗಡೆಗೂ ಅಷ್ಟೇ ಅಗಲದ ಒಂದು ತಗಡು. ಕಪ್ಲಿಂಗಿನ ಪಕ್ಕದಲ್ಲಿ ತೂತುಗಳಿಲ್ಲದ ಬಗೆಯನ್ನೇ ಆರಿಸತಕ್ಕದ್ದು. ತೂತಿರುವುದು ಮುಖ ತೊಳೆಯುವ ಬೋಸಿಗೆ. ತೊಟ್ಟಿಯ ತೂತನ್ನು ಮೂರು ಕಡೆ ಅಳೆದು ತರಲು ಅವರು ಹೇಳಿದ್ದು ವ್ಯರ್ಥವಾಗಲಿಲ್ಲ. ಅದು ಪೂರ್ತಿ ದುಂಡಗಿರಲಿಲ್ಲ.

ನಾಲ್ಕನೆಯ ದಿನ ಬಳೆ ಸಿದ್ಧವಾಯಿತು. ನಮ್ಮ ಮಾವನವರ ಕೈಕೆಳಗೆ ತಾವು ಕೆಲಸ ಕಲಿತದ್ದನ್ನು ಆ ವೃದ್ಧರು ಆಗ ಹೇಳಿದರು. ಕೂಲಿಯಲ್ಲಿ ಏನನ್ನೂ ಬಿಡಲಿಲ್ಲ, ನಾವೂ ಕೇಳಲಿಲ್ಲ.

ಕೂರಿಸುವಾಗ ನೆನಪಿಡತಕ್ಕದ್ದು ಇಷ್ಟು: ಈಗ ನೀರು ಸೋರಲು ದಾರಿಗಳು ಎರಡು, ತೊಟ್ಟಿಗೂ ಬಳೆಗೂ ನಡುವೆ ಒಂದು, ಬಳೆಗೂ ಕಪ್ಲಿಂಗಿಗೂ ನಡುವೆ ಇನ್ನೊಂದು. ಎರಡಕ್ಕೂ ಬೇರೆ ಬೇರೆ ರಬ್ಬರು ವಾಷರು ಬೇಕು. ನಟ್ಟನ್ನು ಕೈಯಿಂದ ಬಿಗಿಯಾಗುವಷ್ಟು ತಿರುಗಿಸಿ, ಆ ಮೇಲೆ ಸ್ಪ್ಯಾನರಿನಿಂದ ಕಾಲು ಸುತ್ತು ಸಾಕು. ಬಲಪ್ರಯೋಗ ಮಾಡಿದರೆ ರಬ್ಬರು ಹೊರಕ್ಕೆ ಉಬ್ಬಿ ಬರುತ್ತದೆ. ನಾವು ಮೊದಲ ಸಲ ಬಲಪ್ರಯೋಗವನ್ನೇ ಮಾಡಿ, ಒಂದು ವಾಷರನ್ನು ಕೆಡಿಸಿದೆವು.

ರಾತ್ರಿ ಎರಡು ಬಿಂದಿಗೆ ನೀರನ್ನಷ್ಟೇ ಹಾಕಿ, ತೊಟ್ಟಿಯ ಕೆಳಗೆ ಹಳೆಯ ಪತ್ರಿಕೆಯೊಂದನ್ನು ಹಾಸಿದೆವು. ಬೆಳಗ್ಗೆ ನಾವು ಏಳುವ ಮೊದಲೇ ಮನೆಯವರು ಆ ಕಾಗದವನ್ನು ತೆಗೆದು ಮಡಿಸಿ ನಮ್ಮ ಮೇಜಿನ ಮೇಲೆ ಇಟ್ಟಿದ್ದರು. ಅದು ಒಣಗಿಯೇ ಇತ್ತು. ಟ್ಯಾಂಕರಿನವನಿಗೆ ಹೇಳಿಕಳುಹಿಸಿದೆವು.