ಕೋಡಿಂಗ್ ಕೋರ್ಸ್: ಕಟ್ಟಿದ ಫೀಸಿಗೆ ನಿಜಕ್ಕೂ ಸಿಗಬೇಕಾದದ್ದೇನು?

ಹೈದರಾಬಾದ್‌ನ ಅಮೀರ್‌ಪೇಟೆಯಲ್ಲಿ ಮೆಟ್ರೋ ಇಳಿದರೆ ತಲೆ ಎತ್ತಿದ ಕಡೆಯೆಲ್ಲ ಬೋರ್ಡ್‌ಗಳೇ. ಜಾವಾ, ಪೈಥಾನ್, ಫುಲ್‌ಸ್ಟಾಕ್, ಡೇಟಾ ಸೈನ್ಸ್, ಈಗ ಹೊಸದಾಗಿ ಎಐ. ಬೀದರ್, ಕಲಬುರಗಿ, ರಾಯಚೂರು ಕಡೆಯ ಎಂಜಿನಿಯರಿಂಗ್ ಪದವೀಧರರಿಗೆ ಇದು ಹೊಸ ಜಾಗವೇನಲ್ಲ. ಬೆಳಗಾವಿ, ವಿಜಯಪುರದ ಹುಡುಗರು ಇದೇ ಆಸೆ ಹೊತ್ತು ಪುಣೆ ಬಸ್ಸು ಹತ್ತುತ್ತಾರೆ. ನಾಲ್ಕು ವರ್ಷ ಓದಿಸಿದ ಮನೆಯವರು ಕೋರ್ಸ್ ಫೀಸು, ಪಿಜಿ ಬಾಡಿಗೆ, ಮೆಸ್ ಬಿಲ್ಲಿಗೆಂದು ಮತ್ತೆ ಹಣ ಹೊಂದಿಸಬೇಕು. ಆ ದುಡ್ಡು ದಂಡವಾಗದಂತೆ ನೋಡಿಕೊಳ್ಳುವುದು ಹೇಗೆ?

ಈ ಪ್ರಶ್ನೆ ಈಗ ಹೆಚ್ಚು ಬಿಸಿಯಾಗಿರಲು ಕಾರಣವಿದೆ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ 2ರಷ್ಟು, ಅಂದರೆ 12 ಸಾವಿರದಷ್ಟು ಜನರನ್ನು ಕಡಿಮೆ ಮಾಡುವುದಾಗಿ ಹೇಳಿತು. ಅದೇ ವರ್ಷದ ಫೆಬ್ರುವರಿಯಲ್ಲಿ ಇನ್ಫೋಸಿಸ್‌ನ ಮೈಸೂರು ಕ್ಯಾಂಪಸ್‌ನಿಂದ 300ಕ್ಕೂ ಹೆಚ್ಚು ತರಬೇತಿ ನೌಕರರು ಹೊರಬಿದ್ದರು. ಮೂರು ಅವಕಾಶ ಕೊಟ್ಟರೂ ಆಂತರಿಕ ಪರೀಕ್ಷೆ ಪಾಸಾಗಲಿಲ್ಲ ಎಂಬುದು ಕಂಪನಿಯ ವಿವರಣೆ. ಐಟಿ ನೌಕರರ ಸಂಘಟನೆ ನೈಟ್ಸ್ ಕೇಂದ್ರ ಕಾರ್ಮಿಕ ಸಚಿವಾಲಯದ ಬಾಗಿಲು ತಟ್ಟಿತು. ಸರಿ ತಪ್ಪುಗಳ ಚರ್ಚೆ ಏನೇ ಇರಲಿ, ಆಫರ್ ಲೆಟರ್ ಕೈಗೆ ಬಂದ ಮೇಲೂ ಕೋಡ್ ಬರೆದು ತೋರಿಸಲೇಬೇಕು ಎಂಬುದು ಇದರಿಂದ ಸ್ಪಷ್ಟವಾಯಿತು. ಸರ್ಟಿಫಿಕೇಟ್ ಆ ಪರೀಕ್ಷೆ ಬರೆದುಕೊಡುವುದಿಲ್ಲ.

'ಶೇ 100 ಪ್ಲೇಸ್‌ಮೆಂಟ್' ಎಂಬ ಬಣ್ಣದ ಮಾತು

ಕೋರ್ಸ್ ಮಾರುವವರ ದೊಡ್ಡ ಅಸ್ತ್ರ ಪ್ಲೇಸ್‌ಮೆಂಟ್ ಭರವಸೆ. ಈ ವಿಷಯದಲ್ಲಿ ಅಮೆರಿಕದ ಒಂದು ಪ್ರಕರಣ ಕಣ್ಣು ತೆರೆಸುವಂಥದ್ದು. ಲ್ಯಾಂಬ್ಡಾ ಸ್ಕೂಲ್ ಎಂಬ ಆನ್‌ಲೈನ್ ಕೋಡಿಂಗ್ ಶಾಲೆ (ನಂತರ ಬ್ಲೂಮ್‌ಟೆಕ್ ಎಂದು ಹೆಸರು ಬದಲಿಸಿಕೊಂಡಿತು) 'ಈಗ ಫೀಸು ಬೇಡ, ಕೆಲಸ ಸಿಕ್ಕ ಮೇಲೆ ಸಂಬಳದಲ್ಲಿ ಪಾಲು ಕೊಡಿ' ಎಂದು ಹೆಸರು ಮಾಡಿತ್ತು. ತನ್ನ ವಿದ್ಯಾರ್ಥಿಗಳಲ್ಲಿ ಶೇ 71ರಿಂದ 86ರಷ್ಟು ಮಂದಿಗೆ ಕೆಲಸ ಸಿಕ್ಕಿದೆ ಎಂದು ಅದು ಜಾಹೀರಾತು ನೀಡುತ್ತಿತ್ತು. ಒಳಗಿನ ಲೆಕ್ಕದಲ್ಲಿ ಅದು ಶೇ 50ರ ಆಸುಪಾಸಿನಲ್ಲಿತ್ತು, ಕೆಲವು ಬ್ಯಾಚ್‌ಗಳಲ್ಲಿ ಶೇ 30ಕ್ಕೂ ಇಳಿದಿತ್ತು ಎಂದು ಅಲ್ಲಿನ ಗ್ರಾಹಕ ಹಣಕಾಸು ರಕ್ಷಣಾ ಸಂಸ್ಥೆ 2024ರ ಏಪ್ರಿಲ್‌ನಲ್ಲಿ ಹೇಳಿತು. ಸಂಬಳದ ಪಾಲು ಎಂಬುದು ನಿಜಕ್ಕೂ ಸಾಲವೇ ಎಂದ ಸಂಸ್ಥೆ, ಶಾಲೆ ಸಾಲ ನೀಡುವುದನ್ನೇ ನಿಷೇಧಿಸಿತು.

ನಮ್ಮಲ್ಲೂ ನಿಯಮ ಬಂದಿದೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿತು. ಉದ್ಯೋಗ ಖಚಿತ ಎಂಬಂಥ ಸುಳ್ಳು ಭರವಸೆ ನೀಡುವಂತಿಲ್ಲ. ಯಶಸ್ಸು ಕಂಡ ವಿದ್ಯಾರ್ಥಿಯ ಫೋಟೋ ಹಾಕಲು ಅವರ ಲಿಖಿತ ಒಪ್ಪಿಗೆ ಬೇಕು. ದೂರು ಕೊಡಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಆದರೆ ದೂರು ಕೊಟ್ಟು ಹಣ ವಾಪಸ್ ಪಡೆಯುವುದಕ್ಕಿಂತ ಸೇರುವ ಮುನ್ನ ಪ್ರಶ್ನೆ ಕೇಳುವುದು ಸುಲಭ.

ಪಾಠ ಉಚಿತ, ಫೀಸು ಯಾವುದಕ್ಕೆ?

ಪ್ರೋಗ್ರಾಮಿಂಗ್ ಪಾಠ ಇಂದು ದುಬಾರಿ ವಸ್ತುವಲ್ಲ. ಐಐಟಿ ಮತ್ತು ಐಐಎಸ್‌ಸಿ ಪ್ರಾಧ್ಯಾಪಕರ ಉಪನ್ಯಾಸಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿವೆ. ಹಾರ್ವರ್ಡ್‌ನ ಸಿಎಸ್50 ಕೋರ್ಸ್ ಕೂಡ ಕಾಸಿಲ್ಲದೆ ಸಿಗುತ್ತದೆ. ಪೈಥಾನ್ ಭಾಷೆಯ ಅಧಿಕೃತ ಟ್ಯುಟೋರಿಯಲ್ ಅದರ ಜಾಲತಾಣದಲ್ಲೇ ಇದೆ. ಹಾಗಿದ್ದರೆ ಸಾವಿರ, ಲಕ್ಷಗಳಲ್ಲಿ ಕಟ್ಟುವ ಫೀಸು, ಅದರ ಮೇಲೆ ಶೇ 18 ಜಿಎಸ್‌ಟಿ ಯಾವುದಕ್ಕೆ?

ನೀವು ಬರೆದ ಕೋಡನ್ನು ಅನುಭವಸ್ಥರೊಬ್ಬರು ಓದಿ, 'ಇಲ್ಲಿ ತಪ್ಪಿದೆ, ಈ ಕಾರಣಕ್ಕೆ ತಪ್ಪಿದೆ' ಎಂದು ಹೇಳುವುದಕ್ಕೆ. ವಿಡಿಯೋ ಇದನ್ನು ಮಾಡುವುದಿಲ್ಲ. ತಬಲಾ ಪಾಠವನ್ನು ಎಷ್ಟು ನೋಡಿದರೂ ಕೈ ತಿದ್ದಲು ಗುರು ಬೇಕು, ಇದೂ ಹಾಗೆಯೇ. ಜತೆಗೆ ದಿನಾ ಕೂರಿಸುವ ವೇಳಾಪಟ್ಟಿ ಮತ್ತು ಜತೆಯಲ್ಲಿ ಕಲಿಯುವ ಹತ್ತು ಜನ. ಕೋರ್ಸ್‌ನ ನಿಜವಾದ ಬೆಲೆ ಇಷ್ಟೇ, ಉಳಿದದ್ದು ಅಲಂಕಾರ.

ಆದ್ದರಿಂದ ಕೌನ್ಸೆಲರ್ ಮುಂದೆ ಕೂತಾಗ ಸಿಲಬಸ್ ಪಟ್ಟಿಗಿಂತ ಮೊದಲು ಕೇಳಬೇಕಾದದ್ದು ಇವು. ನನ್ನ ಕೋಡನ್ನು ಯಾರು ಓದುತ್ತಾರೆ? ವಾರಕ್ಕೆ ಎಷ್ಟು ಸಲ? ಬ್ಯಾಚ್‌ನಲ್ಲಿ ಎಷ್ಟು ಜನ? ಡೆಮೊ ಕ್ಲಾಸ್ ತೆಗೆದುಕೊಂಡವರೇ ಕೊನೆಯವರೆಗೂ ಇರುತ್ತಾರೆಯೇ? ಕಳೆದ ಬ್ಯಾಚ್‌ಗೆ ಸೇರಿದವರೆಷ್ಟು, ಮುಗಿಸಿದವರೆಷ್ಟು, ಕೆಲಸ ಸಿಕ್ಕವರೆಷ್ಟು? ನಡುವೆ ಬಿಟ್ಟರೆ ಎಷ್ಟು ಹಣ ವಾಪಸ್? ಉತ್ತರ ಬರಹದಲ್ಲಿ ಸಿಗದಿದ್ದರೆ ಇಲ್ಲವೆಂದೇ ತಿಳಿಯಿರಿ.

ಅವಧಿಯನ್ನೂ ಗಮನಿಸಿ. ಸರ್ಕಾರಿ ಸಂಸ್ಥೆ ಸಿ-ಡ್ಯಾಕ್‌ನ ಅಡ್ವಾನ್ಸ್ಡ್ ಕಂಪ್ಯೂಟಿಂಗ್ ಪಿಜಿ ಕೋರ್ಸ್ ಸುಮಾರು ಆರು ತಿಂಗಳು, 900 ಗಂಟೆಗಳದ್ದು. ಅದಕ್ಕೆ ಸೇರಲು ಪ್ರವೇಶ ಪರೀಕ್ಷೆಯೂ ಉಂಟು. 30 ದಿನದಲ್ಲಿ ಫುಲ್‌ಸ್ಟಾಕ್ ಎನ್ನುವ ಪೋಸ್ಟರ್ ಕಂಡಾಗ ಈ 900 ಗಂಟೆ ನೆನಪಿರಲಿ.

ಸೇರಿದ ಮೇಲೆ ನಿಮ್ಮ ಪಾಲಿನ ಕೆಲಸ

ಸೇರುವ ಮೊದಲೇ ಒಂದು ಭಾಷೆಯ ಆರಂಭಿಕ ಪಾಠಗಳನ್ನು ಉಚಿತವಾಗಿ ಮುಗಿಸಿಕೊಂಡರೆ, ಫೀಸು ಕಟ್ಟಿದ ಮೊದಲ ತಿಂಗಳು ಲೂಪ್, ಫಂಕ್ಷನ್ ಎಂದರೇನು ಎಂದು ತಿಳಿಯುವುದರಲ್ಲೇ ಕಳೆದುಹೋಗುವುದಿಲ್ಲ. ನಿಮಗೆ ಉಪಯೋಗವೇ ಇಲ್ಲವೆಂದು ಒಂದು ತಿಂಗಳಲ್ಲೇ ಅನಿಸಿದರೆ, ಅದೂ ಲಾಭವೇ. ಫೀಸು ಉಳಿಯಿತು.

ಎರಡನೆಯದು ಪ್ರಾಜೆಕ್ಟ್. ಬ್ಯಾಚ್‌ನ ಎಲ್ಲರ ರೆಸ್ಯೂಮ್‌ನಲ್ಲೂ ಅದೇ ಶಾಪಿಂಗ್ ಕಾರ್ಟ್ ಇದ್ದರೆ ಸಂದರ್ಶಕರಿಗೆ ಕೇಳಲು ಏನೂ ಉಳಿಯುವುದಿಲ್ಲ. ನಿಮ್ಮೂರಿನ ಕನ್ನಡ ಸಂಘದ ಸದಸ್ಯರ ಪಟ್ಟಿ ಮತ್ತು ವಾರ್ಷಿಕ ಚಂದಾ ನೋಡಿಕೊಳ್ಳುವ ಪುಟ್ಟ ಪ್ರೋಗ್ರಾಂ ಬರೆದು ನೋಡಿ. 'ಲಕ್ಷ್ಮಿ' ಎಂಬ ಹೆಸರು ಓದುವ ನಮಗೆ ಎರಡೇ ಅಕ್ಷರ. ಪೈಥಾನ್‌ನಲ್ಲಿ ಉದ್ದ ಕೇಳಿದರೆ 7 ಎನ್ನುತ್ತದೆ, ಏಕೆಂದರೆ ಯೂನಿಕೋಡ್‌ನಲ್ಲಿ ಒತ್ತು, ಗುಣಿತ ಎಲ್ಲವೂ ಬೇರೆ ಬೇರೆ ಸಂಕೇತಗಳು. ಇದು ಏಕೆ ಹೀಗೆ, ಸರಿಪಡಿಸಿದ್ದು ಹೇಗೆ ಎಂದು ಸಂದರ್ಶನದಲ್ಲಿ ಐದು ನಿಮಿಷ ವಿವರಿಸಬಲ್ಲವರಿಗೆ ಮೂರು ಸರ್ಟಿಫಿಕೇಟ್‌ಗಿಂತ ಹೆಚ್ಚಿನ ತೂಕ.

ಮೂರನೆಯದು ಎಐ. ಚಾಟ್‌ಜಿಪಿಟಿ, ಕೋಪೈಲಟ್ ಕೇಳಿದ ಕೂಡಲೇ ಕೋಡ್ ಬರೆದುಕೊಡುತ್ತವೆ. ಹಾಗೆಂದು ಅಸೈನ್‌ಮೆಂಟ್‌ಗಳನ್ನೆಲ್ಲ ಅವುಗಳಿಂದ ಬರೆಸಿ ಒಪ್ಪಿಸಿದರೆ, ತಿದ್ದಿಸಿಕೊಳ್ಳಲೆಂದು ಕಟ್ಟಿದ ಫೀಸನ್ನು ನೀವೇ ಬಿಟ್ಟುಕೊಟ್ಟಂತೆ. ಮೊದಲು ನೀವು ಬರೆಯಿರಿ, ಆಮೇಲೆ ಅದರ ಉತ್ತರದೊಂದಿಗೆ ಹೋಲಿಸಿ, ವ್ಯತ್ಯಾಸವನ್ನು ಶಿಕ್ಷಕರ ಮುಂದಿಡಿ. ಬೇರೆಯವರು ಬರೆದ ಕೋಡಿನಲ್ಲಿ ದೋಷ ಹುಡುಕುವ ಕಣ್ಣೇ ಇನ್ನು ಮುಂದೆ ಹೆಚ್ಚು ಬೇಕಾಗುವುದು.

ಕೊನೆಗೆ ಸಾಲದ ಮಾತು. 'ನೋ ಕಾಸ್ಟ್ ಇಎಂಐ' ಎಂದು ಸಂಸ್ಥೆ ಹೇಳಿದರೂ ಸಹಿ ಬೀಳುವುದು ಹಣಕಾಸು ಕಂಪನಿಯ ಕಾಗದದ ಮೇಲೆ. ಕ್ಲಾಸ್ ನಿಂತರೂ ಕಂತು ನಿಲ್ಲುತ್ತದೆ ಎಂದುಕೊಳ್ಳಬೇಡಿ. ಡಿಜಿಟಲ್ ಸಾಲಕ್ಕೆ ಆರ್‌ಬಿಐ 2022ರಲ್ಲಿ ತಂದ ನಿಯಮದಂತೆ, ಪೂರ್ತಿ ವೆಚ್ಚ ತಿಳಿಸುವ ಪತ್ರವನ್ನು ಮೊದಲೇ ಕೊಡಬೇಕು. ಮರುಚಿಂತನೆಗೆಂದು ನಿಗದಿಯಾದ ದಿನಗಳೊಳಗೆ ಅಸಲು ಮತ್ತು ಆ ದಿನಗಳ ಬಡ್ಡಿ ಕಟ್ಟಿ, ದಂಡವಿಲ್ಲದೆ ಹೊರಬರಬಹುದು. ಆ ದಿನಗಳು ಮುಗಿಯುವುದರೊಳಗೆ ಎರಡು ಕ್ಲಾಸಿಗಾದರೂ ಹೋಗಿ ಬನ್ನಿ. ನಿಮ್ಮ ಕೋಡನ್ನು ಯಾರಾದರೂ ಓದಿದರೇ ಎಂಬುದು ಅಷ್ಟರಲ್ಲಿ ಗೊತ್ತಾಗುತ್ತದೆ.