ಮಂಕು ಗೆಲಾಕ್ಸಿ, ಬೆಳಗುವ ಬೀದಿ

ರಾತ್ರಿಯ ಆಕಾಶಕ್ಕೆ ಅದರದ್ದೇ ಒಂದು ಮಂದ ಬೆಳಕಿದೆ. ಅದಕ್ಕಿಂತಲೂ ಮಂಕಾದ ಗೆಲಾಕ್ಸಿಗಳಿವೆ. 1986ರಲ್ಲಿ ಪತ್ತೆಯಾದ ಇಂಥದೊಂದು ಗೆಲಾಕ್ಸಿ ಮಾಲಿನ್-1 ನಮ್ಮ ಕ್ಷೀರಪಥಕ್ಕಿಂತ ಹಲವು ಪಟ್ಟು ದೊಡ್ಡದು. ದೂರ ನೂರು ಕೋಟಿ ಜ್ಯೋತಿರ್ವರ್ಷಕ್ಕೂ ಹೆಚ್ಚು. ಇಷ್ಟು ದೊಡ್ಡದಾದರೂ ಅಲ್ಲಿಯವರೆಗೆ ಕಣ್ತಪ್ಪಿಸಿಕೊಂಡಿತ್ತು! ಇಂಥವುಗಳಲ್ಲಿ ಅನಿಲಕ್ಕೆ ಕೊರತೆಯಿಲ್ಲ. ತೀರಾ ತೆಳುವಾಗಿ ಹರಡಿರುವುದರಿಂದ ನಕ್ಷತ್ರ ಹುಟ್ಟುವುದು ನಿಧಾನ. ಆ ಅನಿಲ ಸುತ್ತುವ ವೇಗ ಅಳೆದರೆ, ಕಾಣುವ ದ್ರವ್ಯವೊಂದೇ ಅದನ್ನು ಹಿಡಿದಿಡಲು ಸಾಲದು. ಉಳಿದ ಭಾರ ಕಪ್ಪು ದ್ರವ್ಯದ್ದು. ನಕ್ಷತ್ರಗಳ ಪಾಲು ಕಡಿಮೆಯಿರುವುದರಿಂದ ಅದರ ಲೆಕ್ಕ ಇಲ್ಲಿ ಹೆಚ್ಚು ಸ್ಪಷ್ಟ.

ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯ ಮೌಸುಮಿ ದಾಸ್ ವರ್ಷಗಳಿಂದ ಇಂಥ ಮಂಕು ಗೆಲಾಕ್ಸಿಗಳ ಬೆನ್ನು ಹತ್ತಿದ್ದಾರೆ. ಲಡಾಖಿನ ಹಾನ್ಲೆಯಲ್ಲಿರುವ ಸಂಸ್ಥೆಯ ದೂರದರ್ಶಕವನ್ನು ಹೊಸಕೋಟೆಯಿಂದಲೇ ನಡೆಸಲಾಗುತ್ತದೆ. ಹಾನ್ಲೆಯ ಸುತ್ತಲಿನ ಕತ್ತಲಿಗೆ 2022ರಿಂದ ಅಧಿಕೃತ ರಕ್ಷಣೆಯೂ ಇದೆ.

ಹಾನ್ಲೆಯಂಥ ಕತ್ತಲು ಎಲ್ಲ ಊರಿಗೂ ಸಿಗದು. ದಕ್ಷಿಣ ಕನ್ನಡದ ವಿಟ್ಲದ ಆಕಾಶದಲ್ಲಿ ಮಾಲಿನ್-1 ಕಾಣಲಿ ಎಂದು ಯಾರೂ ಕೇಳುತ್ತಿಲ್ಲ. ಮಳೆಗಾಲ ಮುಗಿದ ಮೇಲೆ ಮಕ್ಕಳಿಗೆ ಕ್ಷೀರಪಥವಾದರೂ ಕಾಣಲಿ. ಅದಕ್ಕಾಗಿ ಪಟ್ಟಣ ಪಂಚಾಯತ್ ಎಲ್‌ಇಡಿ ಬೀದಿದೀಪ ಹಾಕಿಸುವಾಗ ಬೆಳಕು ರಸ್ತೆಗಷ್ಟೇ ಬೀಳುವಂತೆ ಮೇಲೆ ಮುಚ್ಚಿಗೆ ಇಡಿಸಲಿ. ಅಂಗಡಿಯವರೂ ಬಾಗಿಲು ಹಾಕಿದ ಮೇಲೆ ಬೋರ್ಡಿನ ದೀಪ ಆರಿಸಲಿ.